ಅಲಾರಾಂ ಅಕ್ಕ ರಜೆ ಹಾಕಿದ್ದು

ಕಚೇರಿಯಲ್ಲಿ ಎಲ್ಲರೂ ಅವಳನ್ನು ಅಲಾರಾಂ ಅಕ್ಕ ಎಂದೇ ಕರೆಯುತ್ತಿದ್ದರು. ಊರಾಡಳಿತದ ವೆಬ್‌ಸೈಟ್ ಅವಳ ಹೊಣೆ. ಅದರಲ್ಲಿ ಜನ ಹೆಚ್ಚಾಗಿ ನೋಡುತ್ತಿದ್ದದ್ದು ಒಂದೇ ಪುಟವನ್ನು: ಇವತ್ತು ಹಗಲಿರುಳು ತೆರೆದಿರುವ ಔಷಧಿ ಅಂಗಡಿ ಯಾವುದು? ಅಂಗಡಿಯವರು ಸರದಿಯ ಮೇಲೆ ಬಾಗಿಲು ತೆರೆದಿಡುತ್ತಿದ್ದರು, ಸರದಿ ಅದಲುಬದಲಾದರೆ ಸೈಟಿನಲ್ಲಿರುವ ಸರದಿಯ ದಾಖಲೆಯನ್ನು ತಾವೇ ತಿದ್ದುತ್ತಿದ್ದರು. ಅದನ್ನು ಪುಟಕ್ಕೆ ಏರಿಸಿ, ಕೇಳಿಕೊಂಡವರಿಗೆಲ್ಲ ಸಂದೇಶ ಕಳಿಸುವುದು ಇವಳ ಕೆಲಸ. ದಿನಾ ಬೆಳಗ್ಗೆ ಆರಕ್ಕೆ, ಭಾನುವಾರವೂ. ತಂಗಿಯ ಮದುವೆಯ ಫೋಟೋದಲ್ಲಿ ಮನೆಯವರೆಲ್ಲ ಕ್ಯಾಮೆರಾ ನೋಡುತ್ತಿದ್ದರೆ ಇವಳೊಬ್ಬಳು ತೊಡೆಯ ಮೇಲಿನ ಲ್ಯಾಪ್‌ಟಾಪ್ ನೋಡುತ್ತಿದ್ದಾಳೆ.

ಅಮ್ಮನ ಕಣ್ಣಿನ ಪೊರೆ ತೆಗೆಸುವ ದಿನ ಗೊತ್ತಾಯಿತು. ಅಮ್ಮ ಒಂದೇ ಮಾತು ಹೇಳಿದರು: "ಪಟ್ಟಿ ಬಿಚ್ಚುವಾಗ ನೀನು ಎದುರಿಗಿರಬೇಕು. ಆ ನಿನ್ನ ಡಬ್ಬಾನ ಮನೇಲೇ ಬಿಟ್ಟು ಬಾ."

ಹಾಗಾಗಿ ಅವಳು ಆ ಕೆಲಸವನ್ನು ಸೈಟಿಗೇ ಕಲಿಸಲು ಕೂತಳು: ಹೊತ್ತಿಗೆ ಸರಿಯಾಗಿ ತಾನೇ ಸರದಿ ನೋಡು, ಪುಟ ಬದಲಿಸು, ಸಂದೇಶ ಕಳಿಸು. ಮೇಜಿನ ಮುಂದೆ ಕೂತು ನೋಡುವಾಗ ಎಲ್ಲವೂ ಸಲೀಸಾಗಿ ನಡೆಯಿತು.

ಮರುದಿನ ಬೆಳಗ್ಗೆ ಆ ದಿನದ ಸರದಿಯ ಔಷಧಿ ಅಂಗಡಿಯವನ ಫೋನು. "ಅಕ್ಕಾ, ಸೈಟಲ್ಲಿ ಇನ್ನೂ ನಿನ್ನೆ ಸರದಿ ಅಂಗಡಿ ಹೆಸರೇ ತೋರಿಸ್ತಿದೆ. ಮಗೂಗೆ ಉಬ್ಬಸ ಅಂತ ಒಬ್ರು ಅಲ್ಲಿಗೆ ಹೋಗಿ ಷಟರ್ ಬಡಿದು ಬಡಿದು, ಆಮೇಲೆ ಇಲ್ಲಿಗೆ ಓಡಿ ಬಂದ್ರು."

"ಮಗು ಹೇಗಿದೆ?"

"ಮದ್ದು ಸಿಕ್ತು, ಈಗ ಪರವಾಗಿಲ್ಲ. ಬೇಗ ಸರಿ ಮಾಡಿ."

ಅವಳು ಕೈಯಿಂದಲೇ ಪುಟ ಬದಲಿಸಿ, ಕಾರಣ ಹುಡುಕಿದಳು. ಸೈಟು ಇದ್ದದ್ದು ಬೇರೆ ಕಂಪನಿಯ ಬಾಡಿಗೆ ಯಂತ್ರದಲ್ಲಿ. ಅಲ್ಲಿ ಸ್ವಲ್ಪ ಹೊತ್ತು ಯಾರೂ ಸೈಟಿಗೆ ಬರದಿದ್ದರೆ ಅದನ್ನು ಮಲಗಿಸಿಬಿಡುತ್ತಾರೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡಂತೆ ಸರಿಯಾಗಿ ಆರು ಗಂಟೆಗೇ ಸೈಟು ನಿದ್ದೆಯಲ್ಲಿತ್ತು. ಎದ್ದಾಗ ಹೊತ್ತು ಮೀರಿತ್ತು, ಬಿಟ್ಟುಹೋದ ಕೆಲಸದ ನೆನಪೇ ಅದಕ್ಕಿರಲಿಲ್ಲ. ಸೈಟು ಸದಾ ಎಚ್ಚರವಿರುವಂತೆ ಮಾಡಿದಳು. ಒಂದುವೇಳೆ ಮಲಗಿದರೂ, ಎದ್ದ ಕೂಡಲೇ "ಇವತ್ತಿನದು ಆಗಿದೆಯಾ?" ಎಂದು ತನ್ನನ್ನೇ ಕೇಳಿಕೊಳ್ಳುವಂತೆ ಬರೆದಳು.

ಆಮೇಲೊಂದು ದಿನ ಎಲ್ಲರಿಗೂ ಸಂದೇಶ ಎರಡೆರಡು ಸಲ ಹೋಯಿತು. "ಏನಕ್ಕಾ, ನಾವೇನು ಕಿವುಡ್ರಾ?" ಎಂದು ಅಂಗಡಿಯವನು ನಕ್ಕ. ಅವಳಿಗೆ ನಗು ಬರಲಿಲ್ಲ. ಸೈಟಿಗೆ ಬರುವ ಜನ ಹೆಚ್ಚಾದಾಗ ಕಂಪನಿಯವರು ಸೈಟಿನ ಎರಡು ಪ್ರತಿಗಳನ್ನು ಒಟ್ಟಿಗೆ ಓಡಿಸುತ್ತಿದ್ದರು, ಎರಡೂ ಪೈಪೋಟಿಗೆ ಬಿದ್ದಂತೆ ಅದೇ ಕೆಲಸ ಮಾಡಿದ್ದವು. ಮೊದಲು ಬಂದದ್ದು ಒಂದು ಗುರುತು ಹಾಕಬೇಕು, ಗುರುತು ಕಂಡರೆ ಇನ್ನೊಂದು ಹಿಂದೆ ಸರಿಯಬೇಕು ಎಂದು ಕಟ್ಟುಪಾಡು ಮಾಡಿದಳು. ಕೆಟ್ಟರೆ ತನಗೆ ಸುದ್ದಿ ಕೊಡುವಂತೆಯೂ ಇಟ್ಟಳು. ಆದರೆ ಸೈಟು ಸುಮ್ಮನಿದ್ದರೆ ಕ್ಷೇಮವೆಂದೋ, ಪೂರ್ತಿ ನಿಂತೇಹೋಗಿದೆಯೆಂದೋ ತಿಳಿಯುವುದು ಹೇಗೆ? ಕೆಲಸ ಸರಿಯಾಗಿ ಆದಾಗಲೂ ಒಂದು ಮಾತು ಹೇಳಿಬಿಡು ಎಂದು ಸೇರಿಸಿದಳು.

ಪಟ್ಟಿ ಬಿಚ್ಚುವ ದಿನ ಡಾಕ್ಟರು ಬೆಳಗಾಗುತ್ತಲೇ ಬರುವವರಿದ್ದರು. ಅವಳು ಲ್ಯಾಪ್‌ಟಾಪ್ ಇಲ್ಲದೆ ಆಸ್ಪತ್ರೆಯ ಬೆಂಚಿನ ತುದಿಯಲ್ಲಿ ಕೂತಿದ್ದಳು. ಹಿಂದಿನ ಸಂಜೆಯಷ್ಟೇ ಎರಡು ಅಂಗಡಿಗಳು ಸರದಿ ಬದಲಿಸಿಕೊಂಡಿದ್ದವು. ಫೋನು ಹಿಡಿದು ಆರು ಗಂಟೆಯಾಗುವುದನ್ನೇ ಕಾಯುತ್ತಿದ್ದಳು.

ಫೋನು ಗುಂಯ್ ಎಂದಿತು. "ಪುಟ ಬದಲಾಯಿತು. ಸಂದೇಶ ಹೋಯಿತು."

ನಂಬಿಕೆ ಸಾಲದೆ ಪುಟ ತೆರೆದು ನೋಡಿದಳು. ಬದಲಾದ ಸರದಿಯ ಅಂಗಡಿಯೇ ಇತ್ತು. ಮತ್ತೆ ನೋಡಿದಳು. ಬೆನ್ನು ಗೋಡೆಗೆ ಒರಗಿದ್ದು ಆಗಲೇ.

ನರ್ಸ್ ಒಳಗೆ ಕರೆದರು. ಪಟ್ಟಿ ಬಿಚ್ಚಿದ ಮೇಲೆ ಅಮ್ಮ ಒಂದೆರಡು ಸಲ ರೆಪ್ಪೆ ಬಡಿದು ಅವಳನ್ನೇ ದಿಟ್ಟಿಸಿದರು. "ಅಯ್ಯೋ, ತಲೆಯೆಲ್ಲಾ ಯಾವಾಗ ಇಷ್ಟು ನೆರೆತುಹೋಯ್ತೇ?"

"ನಿನ್ನ ಕಣ್ಣು ಚೆನ್ನಾಗಿದೆ ಬಿಡಮ್ಮ," ಎಂದಳು. ನಗುತ್ತಾ ನಗುತ್ತಾ ಕಣ್ಣು ತುಂಬಿಬಂತು.

ಹೊರಬಂದವಳೇ ಕಚೇರಿಯ ಸಾಹೇಬರಿಗೆ ಫೋನು ಮಾಡಿ ಒಂದು ವಾರ ರಜೆ ಕೇಳಿದಳು.

"ಅಲ್ಲಮ್ಮಾ, ಸೈಟು?"

"ಅದರ ಪಾಡಿಗೆ ಅದು ಮಾಡ್ಕೊಳ್ಳುತ್ತೆ ಸರ್."

ಮಾರನೆಯ ದಿನ ಬಿಸಿಲು ಹಾಸಿಗೆಯ ಮೇಲೆ ಬೀಳುವವರೆಗೆ ಮಲಗಿದ್ದಳು. ಅಮ್ಮ ಬಾಗಿಲಲ್ಲಿ ನಿಂತು ನೋಡಿದರು, ಎಬ್ಬಿಸಲಿಲ್ಲ.