ಹನ್ನೊಂದನೇ ಕಾಲಂನ ಸಹೋದ್ಯೋಗಿ

ಎಸ್ಟೇಟ್ ಆಫೀಸಿನ ಒಳಕೋಣೆ. ಮೇಜಿನ ಮೇಲೊಂದು ಕಂಪ್ಯೂಟರ್. ಅದರ ಹೂಬಳ್ಳಿಯ ಹೊದಿಕೆ ಅರ್ಧ ಸರಿದು ಒಂದು ಪಕ್ಕಕ್ಕೆ ಇಳಿಬಿದ್ದಿದೆ. ಬದಿಯಲ್ಲಿ ಆಳುಗಳ ಹಾಜರಿ ಪುಸ್ತಕ, ಅದು ಹಾರದಂತೆ ಮೇಲಿಟ್ಟ ಕಾಫಿಬೀಜದ ಡಬ್ಬಿ. ಗಾಜಿನ ಕಿಟಕಿಗೆ ಮಂಜು ಅಂಟಿಕೊಂಡಿದೆ. ಅದರಾಚೆಯ ಸಿಲ್ವರ್ ಓಕ್‌ಗಳು ಇನ್ನೂ ಮರಗಳಾಗಿಲ್ಲ, ಬರಿಯ ನೆರಳುಗಳು. ಎದುರಿಗೆ ಮಫ್ಲರ್ ಸುತ್ತಿಕೊಂಡ ಮೇಷ್ಟ್ರೊಬ್ಬರು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು ಕುಳಿತಿದ್ದಾರೆ. ಮೋಡೆಮ್ಮಿನ ಹಸಿರು ದೀಪವೊಂದು ಮಿಟುಕುವುದನ್ನು ಬಿಟ್ಟರೆ ಈ ಚಿತ್ರದಲ್ಲಿ ಯಾವುದೂ ಅಲುಗುವುದಿಲ್ಲ.

ಅಷ್ಟರಲ್ಲಿ ಮೇಷ್ಟ್ರು ಹಣೆ ಚಚ್ಚಿಕೊಳ್ಳುತ್ತಾರೆ. “ಥತ್! ಸಮಯ ಮೀರಿತು, ಮತ್ತೆ ಮೊದಲಿಂದ ಬಾ ಅಂತದೆ. ಅರ್ಧ ಗಂಟೆಯಿಂದ ಇಲ್ಲೇ ಕೂತಿದೀನಲ್ಲ, ಇದರ ಕಣ್ಣಿಗೆ ನಾನು ಕಾಣೋದೇ ಇಲ್ವಾ?”

2009ರ ಜನವರಿ, ಕಾಫಿ ಕುಯ್ಲಿನ ಕಾಲ. ಮಲ್ಲಂದೂರಿನಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಕಿರಿಯ ಪ್ರಾಥಮಿಕ ಶಾಲೆಯ ಏಕೈಕ ಉಪಾಧ್ಯಾಯರು ದಯಾನಂದ. ವಯಸ್ಸು ಮೂವತ್ತೆಂಟು. ಶಾಲೆಗಿರುವುದು ಒಂದೇ ಕೋಣೆ. ಅದರಲ್ಲಿ ಐದು ತರಗತಿ, ಹತ್ತೊಂಬತ್ತು ಮಕ್ಕಳು. ತಂದೆ ಗುರುವಯ್ಯ ಇದೇ ತೋಟದಲ್ಲಿ ಗಿಡ ಕಸಿ ಮಾಡುತ್ತಾ ಸವೆದವರು. ಮಗ ಹುಟ್ಟಿದ್ದು ಕೂಲಿಲೈನಿನ ಮೂರನೇ ಮನೆಯಲ್ಲಿ. ಕೆಲಸಕ್ಕೆ ಸೇರಿದ ಮೇಲೆ ಅಂಚೆ ಶಿಕ್ಷಣದಲ್ಲಿ ಪದವಿ ಪಡೆದ ಈ ಮನುಷ್ಯ ಈಗ, ದೂರದ ವಿಶ್ವವಿದ್ಯಾಲಯವೊಂದು ದುಡಿಯುವ ಶಿಕ್ಷಕರಿಗಾಗಿ ನಡೆಸುವ ಶಿಕ್ಷಣಶಾಸ್ತ್ರದ ಆನ್‌ಲೈನ್ ಸ್ನಾತಕೋತ್ತರ ಪದವಿಗೆ ಓದುತ್ತಿದ್ದಾರೆ. ಮೂರು ವರ್ಷದೊಳಗೆ ಮುಗಿಸಬೇಕು. ಇದು ಮೂರನೆಯದು.

ತೋಟದ ಧಣಿಗಳು ಕಂಪ್ಯೂಟರ್ ಬಳಸಲು ಒಪ್ಪಿರುವುದು ಬೆಳಿಗ್ಗೆ ಆರರಿಂದ ಏಳೂಕಾಲರವರೆಗೆ. ಆಮೇಲೆ ಆಳುಗಳ ಹಾಜರಿ ಶುರುವಾಗುತ್ತದೆ. ಒಂದು ಪುಟ ತೆರೆದುಕೊಳ್ಳಲು ನಾಲ್ಕು ನಿಮಿಷ. ಕರೆಂಟು ಇದ್ದರೆ, ಫೋನಿನ ತಂತಿಯ ಮೇಲೆ ಕೊಂಬೆ ಮುರಿದು ಬೀಳದಿದ್ದರೆ. ಮಳೆಗಾಲದ ಮೂರು ತಿಂಗಳಲ್ಲಿ ಹನ್ನೊಂದೇ ದಿನ ಸಂಪರ್ಕ ಸಿಕ್ಕಿದ್ದನ್ನು ಅವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾರೆ.

ಆದರೆ ಅವರ ರೇಗಾಟಕ್ಕೆ ಕಾರಣ ತಂತಿಯಲ್ಲ, ಪ್ರಶ್ನೆಗಳು. “‘ನಿಮ್ಮ ಸ್ಟಾಫ್ ರೂಮಿನಲ್ಲಿ ಚರ್ಚಿಸಿ ಬರೆಯಿರಿ’ ಅಂತಾರೆ. ಯಾವ ಸ್ಟಾಫು, ಎಂತ ರೂಮು? ನಾನು ಬ್ಲ್ಯಾಕ್‌ಬೋರ್ಡ್ ಜೊತೆ ಚರ್ಚೆ ಮಾಡ್ಲಾ?”

ಕೊನೆಯ ಪರೀಕ್ಷೆಗೆ ಕೂರಬೇಕಾದರೆ ಒಂದು ಪಾಠವೀಕ್ಷಣೆಯ ವರದಿ ಬೇಕು. ಅದರ ಹನ್ನೊಂದನೇ ಕಾಲಂ: ನಿಮ್ಮ ಪಾಠವನ್ನು ಕುಳಿತು ನೋಡಿದ, ಅದೇ ಶಾಲೆಯ ಸಹೋದ್ಯೋಗಿಯ ಹೆಸರು. ಖಾಲಿ ಬಿಟ್ಟರೆ ಫಾರಂ ಮುಂದಕ್ಕೆ ಸರಿಯುವುದಿಲ್ಲ. ‘ಯಾರೂ ಇಲ್ಲ’ ಎಂದು ಬರೆದು ಕಳಿಸಿದರೆ, ‘ಶ್ರೀ ಯಾರೂ ಇಲ್ಲ ಅವರ ಸಹಿ ಲಗತ್ತಿಸಿ’ ಎಂದು ಉತ್ತರ ಬಂತು.

ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ್ ಚನ್ನಕೇಶವ ದಯಾನಂದರ ಬಾಲ್ಯದ ಗೆಳೆಯ. ಚನ್ನಕೇಶವರಿಗೆ ಇದೊಂದು ಸಮಸ್ಯೆಯೇ ಅಲ್ಲ. “ಯಾವನಾದ್ರೂ ಮೇಷ್ಟ್ರ ಹೆಸರು ಗೀಚಿ ಕಳ್ಸು ಮಾರಾಯ. ಅವರೇನು ಘಾಟಿ ಹತ್ತಿ ನೋಡ್ಲಿಕ್ಕೆ ಬರ್ತಾರಾ?”

“ಮಕ್ಕಳಿಗೆ ಕಾಪಿ ಹೊಡಿಬೇಡಿ ಅಂತೀನಿ. ಆಮೇಲೆ ಯಾವ ಮುಖ ಇಟ್ಕೊಂಡು ಹೇಳ್ಲಿ?”

ಆ ಸಂಕಟದಲ್ಲೇ ದಯಾನಂದರಿಗೆ ಹೊಳೆದದ್ದು ದೇವೀರಮ್ಮ. ಆರು ವರ್ಷಗಳಿಂದ ಶಾಲೆಯ ಬಿಸಿಯೂಟ ಬೇಯಿಸುವ ದೇವೀರಮ್ಮನವರ ಒಲೆಗೂ ದಯಾನಂದರ ಪಾಠಕ್ಕೂ ನಡುವೆ ಬಾಗಿಲಿಲ್ಲದ ಒಂದು ಕಿಟಕಿ ಮಾತ್ರ. ಈ ಮೇಷ್ಟ್ರ ಪಾಠವನ್ನು ಅವರಷ್ಟು ನೋಡಿದವರು ಜಗತ್ತಿನಲ್ಲಿ ಮತ್ತೊಬ್ಬರಿಲ್ಲ. ಕಳೆದ ತಿಂಗಳು ಅಕ್ಕಿ ಆರಿಸುತ್ತಲೇ ಅವರು ವರದಿ ಹೇಳಿದರು. ದಯಾನಂದ ಇಂಗ್ಲಿಷಿಗೆ ತಿರುಗಿಸುತ್ತಾ ಬರೆದುಕೊಂಡರು.

“ಒಂದನೇದು, ನೀವು ಪ್ರಶ್ನೆ ಕೇಳಿ ಕಾಯೋದಿಲ್ಲ ಮೇಷ್ಟ್ರೇ. ನಾನು ಒಲೆ ಎರಡು ಸಲ ಊದೋಷ್ಟರಲ್ಲಿ ಉತ್ತರಾನೂ ನೀವೇ ಹೇಳಿಬಿಡ್ತೀರಿ. ಮಕ್ಕಳು ಯೋಚನೆ ಮಾಡೋದು ಯಾವಾಗ? ಎರಡನೇದು, ದೊಡ್ಡವಕ್ಕೆ ಲೆಕ್ಕ ಹೇಳುವಾಗ ಸಣ್ಣವು ನಿಮ್ಮ ಬೆನ್ನು ನೋಡ್ತಾ ಕೂತಿರ್ತಾವೆ. ಮತ್ತೆ... ಹೊಡೆಯೋದಿಲ್ಲ. ಅದನ್ನೂ ಬರ್ಕೊಳ್ಳಿ, ಬಿಡಬೇಡಿ.”

ಆ ಮಾತುಗಳನ್ನು ಈಗ ನೆನೆದು ಹೇಳುವಾಗ ದಯಾನಂದರ ಸಿಟ್ಟು ಮೊದಲ ಬಾರಿಗೆ ತಮ್ಮ ಕಡೆಗೇ ತಿರುಗುತ್ತದೆ. “ಪ್ರಶ್ನೆ ಕೇಳಿದ ಮೇಲೆ ಶಿಕ್ಷಕ ಎಷ್ಟು ಹೊತ್ತು ಸುಮ್ಮನಿರಬೇಕು ಅಂತ ಹನ್ನೆರಡು ಪುಟ ಬರೆದು ಒಳ್ಳೇ ಅಂಕ ತಗೊಂಡವನು ನಾನು. ಕ್ಲಾಸಲ್ಲಿ ಮಾಡ್ತಿದ್ದದ್ದು ಇದು!”

ಕಾಲಂನಲ್ಲಿ ಅವರು ಇದ್ದದ್ದನ್ನು ಇದ್ದಂತೆ ತುಂಬಿದರು. ಹೆಸರು ದೇವೀರಮ್ಮ, ಹುದ್ದೆ ಅಡುಗೆ, ವಿದ್ಯೆ ಎರಡನೇ ತರಗತಿ. ಒಪ್ಪದಿದ್ದರೆ ಮೂರು ವರ್ಷದ ಓದು ಅಲ್ಲಿಗೇ ಮುಗಿದಂತೆ. ಇಂದು ಉತ್ತರ ಬರುವ ದಿನ.

ಪದವಿ ಬಂದರೆ ಏನಾದೀತು ಎಂದರೆ ಅವರು ನಗುತ್ತಾರೆ. “ಏನೂ ಇಲ್ಲ. ಇದೇ ಶಾಲೆ, ಇದೇ ಹತ್ತೊಂಬತ್ತು ಮಕ್ಕಳು. ಇನ್ನೊಬ್ಬ ಮೇಷ್ಟ್ರನ್ನ ಕೊಟ್ರೆ ಸಾಕು. ಜಗಳ ಆಡೋಕಾದ್ರೂ ಒಬ್ಬರು ಬೇಕಲ್ಲ.”

ಏಳಕ್ಕೆ ಐದು ನಿಮಿಷವಿರುವಾಗ ಪುಟ ಮೇಲಿನಿಂದ ಕೆಳಕ್ಕೆ ಒಂದೊಂದೇ ಸಾಲಾಗಿ ಇಳಿಯುತ್ತದೆ. ವರದಿ ಸ್ವೀಕೃತವಾಗಿದೆ. ಕೆಳಗೆ ಇನ್ನೊಂದು ಸಾಲು: ಹೇಳಿದ ದೋಷಗಳನ್ನು ತಿದ್ದಿಕೊಂಡಿದ್ದೀರೋ ಇಲ್ಲವೋ ಎಂದು ಇದೇ ವೀಕ್ಷಕರು ತಿಂಗಳೊಳಗೆ ಎರಡನೇ ವರದಿ ಕೊಡತಕ್ಕದ್ದು.

“ಇನ್ನೊಂದು ಫಾರಂ!” ದಯಾನಂದ ತಲೆಯ ಮೇಲೆ ಕೈ ಹೊರುತ್ತಾರೆ. “ಸಂತೋಷ ಪಡ್ಲಿಕ್ಕೂ ಬಿಡೋದಿಲ್ಲ ಇವರು!”

“ಬಂದ್ರು ನೋಡು ನಿನ್ನ ಇನ್‌ಸ್ಪೆಕ್ಟರು,” ಎನ್ನುತ್ತಾರೆ ಹಾಜರಿ ಪುಸ್ತಕ ಒಯ್ಯಲು ಒಳಬಂದ ಚನ್ನಕೇಶವ. ಶಾಲೆಯ ಬೀಗದ ಕೈಗಾಗಿ ದಿನವೂ ಬರುವಂತೆ ದೇವೀರಮ್ಮ ಬಂದು ನಿಂತಿದ್ದಾರೆ. ಸೆರಗಿನ ಮೇಲೆ ಮಂಜಿನ ಹನಿ. ಸುದ್ದಿ ತಿಳಿದು ಅವರೇನೂ ಹಿಗ್ಗುವುದಿಲ್ಲ.

“ಮತ್ತೆ, ಎಂತ ಹೇಳ್ತೀರಿ ದೇವೀರಮ್ಮ? ನಾನು ತಿದ್ದಿಕೊಂಡಿದ್ದೀನಾ?”

ದೇವೀರಮ್ಮ ಸೆರಗಿನ ಹನಿಗಳನ್ನು ಕೊಡವಿಕೊಳ್ಳುತ್ತಾರೆ. ಉತ್ತರ ಹೇಳಿಬಿಡಲು ದಯಾನಂದರ ಬಾಯಿ ತಾನಾಗಿಯೇ ತೆರೆಯುತ್ತದೆ. ಅವರು ಅದನ್ನು ಮುಚ್ಚುತ್ತಾರೆ. ಕಾಯುತ್ತಾರೆ. ಹೊರಗೆ ಆಳುಗಳ ಮಾತು, ಬುಟ್ಟಿಗಳ ಸದ್ದು. ಒಲೆಯನ್ನು ನಾಲ್ಕು ಸಲ ಊದಬಹುದಾದಷ್ಟು ಹೊತ್ತು ಕಳೆಯುತ್ತದೆ.

“ಈಗ ಸ್ವಲ್ಪ ಅಡ್ಡಿಯಿಲ್ಲ,” ಎನ್ನುತ್ತಾರೆ ದೇವೀರಮ್ಮ. ಮೇಜಿನ ಮೇಲಿನ ಬೀಗದ ಕೈ ಎತ್ತಿಕೊಂಡು, ಒಲೆ ಹಚ್ಚುವ ಹೊತ್ತಾಯಿತೆಂದು ಹೊರಡುತ್ತಾರೆ. ಅವರ ಹಿಂದೆ ಬಾಗಿಲು ಮುಚ್ಚಿಕೊಳ್ಳುತ್ತದೆ.