ಎದುರು ಮೂಲೆಗೊಂದು ಎನ್‌ಸ್ವೆಲ್

ಬೆಳಗಿನ ಐದೂಕಾಲು. ಬಾಕ್ಸಿಂಗ್ ಶಾಲೆಯ ಹಿಂಬದಿ ಕೋಣೆಯಲ್ಲಿ ಐವತ್ತೊಂಬತ್ತರ ಹೆಂಗಸೊಬ್ಬರು ಮಂಜುಗಡ್ಡೆಯ ಡಬ್ಬಿಯಿಂದ ಉಕ್ಕಿನ ಚಿಕ್ಕ ತುಂಡೊಂದನ್ನು ತೆಗೆಯುತ್ತಾರೆ. ಒಣಬಟ್ಟೆಯಿಂದ ಒರೆಸಿ, ತಮ್ಮದೇ ಎಡಗೆನ್ನೆಯ ಮೂಳೆಗೆ ಒತ್ತಿ ಹಿಡಿದು, ಗೋಡೆಯ ಗಡಿಯಾರ ನೋಡುತ್ತ ನಲವತ್ತರವರೆಗೆ ಎಣಿಸುತ್ತಾರೆ. ತಂಪು ಸಾಲದೋ, ಚರ್ಮ ಸುಡುವಷ್ಟು ಹೆಚ್ಚಾಗಿದೆಯೋ ಎಂದು ಅಳೆಯಲು ಅವರಿಗಿರುವುದು ಇದೊಂದೇ ಕೆನ್ನೆ.

"ಮನೇಲಿ ಇನ್ನೊಂದು ಮುಖ ಇದ್ದಿದ್ರೆ ಅದ್ರ ಮೇಲೂ ನೋಡ್ತಿದ್ದೆ. ಇರೋಳು ನಾನೊಬ್ಳೇ ಅಲ್ವಾ," ಎಂದು ನಗುತ್ತಾರೆ. ಇಪ್ಪತ್ತೆರಡು ವರ್ಷಗಳ ಈ ಪರೀಕ್ಷೆ ಅಲ್ಲಿ ನಾಣ್ಯದಗಲದ ಬಿಳಿಚು ಕಲೆಯೊಂದನ್ನು ಉಳಿಸಿದೆ.

ಆ ತುಂಡಿನ ಹೆಸರು ಎನ್‌ಸ್ವೆಲ್. ಬಾಕ್ಸಿಂಗನ್ನು ತಪ್ಪದೆ ನೋಡುವವರಲ್ಲೂ ಅನೇಕರು ಕೇಳಿರದ ಪದ. ಬೆಂಕಿಪೊಟ್ಟಣದಷ್ಟು ಅಗಲದ ನುಣುಪು ತಳ, ಮೇಲೊಂದು ಹಿಡಿ. ಶಾಲೆಯ ಹುಡುಗಿಯರ ಕಣ್ಣಿಗೆ ಅದು ಗೊಂಬೆಮನೆಯ ಇಸ್ತ್ರಿಪೆಟ್ಟಿಗೆ. ಹಾಗಾಗಿ ಅದನ್ನು ಹಿಡಿಯುವವರು ಇಸ್ತ್ರಿಯಕ್ಕ. "ಹೊಸದಾಗಿ ಸೇರಿದೋಳೊಬ್ಳು ಶರ್ಟು ತಂದು ಕೈಗಿಟ್ಲು, ಸಂಜೆಗೆ ಬೇಕಕ್ಕಾ ಅಂತ!"

ಹೊಡೆತ ಬಿದ್ದಲ್ಲಿ ಚರ್ಮದಡಿಯ ಸೂಕ್ಷ್ಮ ರಕ್ತನಾಳಗಳು ಒಡೆದು ಊತವೇಳುತ್ತದೆ. ಊತ ಕಣ್ಣನ್ನು ಮುಚ್ಚಿದರೆ ಪಂದ್ಯ ಮುಗಿದಂತೆಯೇ. ತಣ್ಣನೆಯ ಲೋಹವನ್ನು ಒತ್ತಿದಾಗ ನಾಳಗಳು ಕುಗ್ಗಿ ಸೋರಿಕೆ ತಗ್ಗುತ್ತದೆ. ಸುತ್ತುಗಳ ನಡುವಿನ ಬಿಡುವು ಒಂದೇ ನಿಮಿಷ. ರಿಂಗಿನ ಹಗ್ಗ ದಾಟಿ ಒಳಹೋಗಿ ಬರಲು ಇಪ್ಪತ್ತು ಸೆಕೆಂಡು ಕಳೆದರೆ, ಕೆಲಸಕ್ಕೆ ಉಳಿಯುವುದು ನಲವತ್ತು. ಹೀಗೆ ಈವರೆಗೆ ಸಾವಿರದ ನೂರಕ್ಕೂ ಹೆಚ್ಚು ಪಂದ್ಯಗಳಲ್ಲಿ ಅವರು ಹಗ್ಗ ದಾಟಿದ್ದಾರೆ. ಆದರೆ ಯಾವ ಅರ್ಜಿಯ ಉದ್ಯೋಗದ ಕಾಲಮ್ಮಿನಲ್ಲೂ ಅವರ ಕೆಲಸಕ್ಕೆ ಹೆಸರಿಲ್ಲ. ಗುಮಾಸ್ತರು 'ಇತರೆ' ಎಂದು ಬರೆದುಕೊಳ್ಳುತ್ತಾರೆ.

"ಒತ್ತಬೇಕು, ತಿಕ್ಕಬಾರ್ದು. ಇಷ್ಟು ಕಲಿಯೋಕೆ ನಂಗೆ ತಮ್ಮನ ಜೊತೆ ಮಾತೇ ಹೋಯ್ತು."

ತಮ್ಮ ಇದೇ ಊರಿನ ಇನ್ನೊಂದು ತುದಿಯ ಶಾಲೆಯಲ್ಲಿ ತರಬೇತುದಾರರು. ಇಪ್ಪತ್ತೆರಡು ವರ್ಷಗಳ ಹಿಂದೆ ಅವರು ಅಂತಿಮ ಪಂದ್ಯ ಆಡಿದ ದಿನ ರಿಂಗಿನ ಮೂಲೆಯಲ್ಲಿ ನೀರು ಹಿಡಿದು ನಿಂತಿದ್ದವರು ಅಕ್ಕ. ತಮ್ಮನ ಕಣ್ಣಿನ ಕೆಳಗೆ ನಿಂಬೆಗಾತ್ರದ ಊತ ಎದ್ದಾಗ ಅವರಿಗೆ ತೋಚಿದ್ದು ಒಂದೇ: ಚಿಕ್ಕಂದಿನಲ್ಲಿ ತಲೆಗೆ ಬುಗುಟೆ ಎದ್ದರೆ ಅಮ್ಮ ಅಂಗೈಯಿಂದ ಗಸಗಸ ತಿಕ್ಕುತ್ತಿದ್ದುದು. ಅಕ್ಕನೂ ಹಾಗೆಯೇ ತಿಕ್ಕಿದರು. ಊತ ಹರಡಿ, ರೆಪ್ಪೆ ಮುಚ್ಚಿ, ಪಂದ್ಯ ನಿಂತಿತು. "ನನ್ ಕಣ್ಣು ಮುಚ್ಸಿದ್ದು ಅವ್ನಲ್ಲಕ್ಕಾ, ನೀನು," ಎಂದದ್ದೇ ತಮ್ಮ ಅಕ್ಕನೊಡನೆ ಆಡಿದ ಕೊನೆಯ ಮಾತು.

ಅಕ್ಕ ಎನ್‌ಸ್ವೆಲ್ ಹಿಡಿಯಲು ಕಲಿತರು. ತಮ್ಮನಾದರೋ ಶಿಷ್ಯೆಯರ ಮುಖ ಮುಟ್ಟಲು ಯಾರಿಗೂ ಬಿಡದವರಾದರು; ಅವರ ಮೂಲೆಯಲ್ಲಿ ಒದ್ದೆ ಟವೆಲ್ಲಿಗಿಂತ ಹೆಚ್ಚಿನದೇನೂ ಇರುವುದಿಲ್ಲ. ಎರಡೂ ಶಾಲೆಗಳು ಎದುರಾದಾಗಲೆಲ್ಲ ಅಕ್ಕನ ಡಬ್ಬಿಯಲ್ಲಿ ಎರಡು ಎನ್‌ಸ್ವೆಲ್ ತಣ್ಣಗಾಗುತ್ತವೆ. ಎರಡನೆಯದು ಮುಟ್ಟಿಸಿಕೊಳ್ಳದೆಯೇ ಮನೆಗೆ ಮರಳುತ್ತದೆ.

ಕಳೆದ ಭಾನುವಾರ ಹಾಗಾಗಲಿಲ್ಲ. ಮೊದಲ ಸುತ್ತಿನಲ್ಲೇ ತಮ್ಮನ ಶಿಷ್ಯೆಯ ಕಣ್ಣಿನ ಕೆಳಗೆ ಅದೇ ನಿಂಬೆಗಾತ್ರದ ಊತ. ಎರಡನೆಯ ಸುತ್ತು ನಡೆಯುತ್ತಿರುವಾಗ ಅಕ್ಕ ಪಂದ್ಯದ ವೈದ್ಯೆಯ ಬಳಿ ಹೋಗಿ, ಬಟ್ಟೆಯಲ್ಲಿ ಸುತ್ತಿದ ಎರಡನೆಯದನ್ನು ಮುಂದೆ ಹಿಡಿದರು. "ಆ ಕಡೆಗೆ ಕೊಡ್ತೀರಾ ಮೇಡಂ? ಒತ್ತಿ ಹಿಡೀರಿ ಅಂತ ಹೇಳಿದ್ರೆ ಸಾಕು. ಯಾರು ಕೊಟ್ಟಿದ್ದು ಅಂತ ಬೇಡ."

ಬಿಡುವಿನ ಗಂಟೆ ಹೊಡೆಯಿತು. ಅವರೆದುರು ಅವರದೇ ಹುಡುಗಿಯ ಮುಖವಿತ್ತು, ನಲವತ್ತು ಸೆಕೆಂಡು ಆಚೆ ತಿರುಗುವಂತಿರಲಿಲ್ಲ. ಕೊನೆಯ ಸುತ್ತಿನಲ್ಲಿ ಎದುರಾಳಿ ಎರಡೂ ಕಣ್ಣು ಬಿಟ್ಟುಕೊಂಡು ಆಡಿದಳು. ಒಂದೇ ಅಂಕದಿಂದ ಗೆದ್ದಳು.

"ಚೆನ್ನಾಗಿದೆ! ನಮ್ಮವಳನ್ನ ಸೋಲ್ಸೋಕೆ ಅವ್ಳಿಗೆ ಕಣ್ಣು ನೀವೇ ಸಪ್ಲೈ ಮಾಡಿದ್ರಿ," ಎಂದು ಶಾಲೆಯ ಕೋಚ್ ಎಲ್ಲರೆದುರೇ ಹರಿಹಾಯ್ದರು. ಸೋತ ಹುಡುಗಿ ಮಾತ್ರ, "ಬಿಡಿ ಸಾರ್, ಕುರುಡಿಯನ್ನ ಗೆದ್ದಿದ್ರೆ ಯಾರಿಗೆ ಹೇಳ್ಕೊಳ್ಲಿ," ಎಂದಳಂತೆ.

ಸಭಾಂಗಣ ಖಾಲಿಯಾದ ಮೇಲೆ ಅಕ್ಕ ಮರಳಿದಾಗ ಡಬ್ಬಿಯ ಮುಚ್ಚಳದ ಮೇಲೆ ಎರಡನೆಯ ಎನ್‌ಸ್ವೆಲ್ ಇತ್ತು. ಚೀಟಿಯಿಲ್ಲ, ಸುತ್ತಮುತ್ತ ಜನರಿಲ್ಲ. ಅಭ್ಯಾಸಬಲದಿಂದ ಕೆನ್ನೆಗಿಟ್ಟುಕೊಂಡರು.

"ತಂಪು ಆರಿತ್ತು. ಆ ಹುಡುಗಿ ಮುಖಕ್ಕೆ ಹಚ್ಕೊಂಡಿದ್ದ ವ್ಯಾಸಲೀನ್ ಇಡೀ ತಳಕ್ಕೆ ಒಂದೇ ಸಮ ಮೆತ್ಕೊಂಡಿತ್ತು, ಒಂದು ಗೀರೂ ಇರ್ಲಿಲ್ಲ. ಒತ್ತಿದಾನೆ, ತಿಕ್ಕಿಲ್ಲ."

ಇಂದು ಬೆಳಿಗ್ಗೆಯೂ ಅವರು ಎರಡನ್ನೂ ಒರೆಸಿ ಮಂಜುಗಡ್ಡೆಯಲ್ಲಿ ಹುದುಗಿಸುತ್ತಾರೆ. ಮುಂದಿನ ತಿಂಗಳು ಎರಡು ಶಾಲೆಗಳು ಮತ್ತೆ ಎದುರಾಗಲಿವೆ. ಏನಾದರೂ ಆಸೆಯಿದೆಯೇ ಎಂದರೆ ಮುಚ್ಚಳ ಹಾಕುತ್ತ ಹೇಳುತ್ತಾರೆ.

"ಆ ಸಲ ಅವ್ನೇ ಬಂದು ತಗೊಂಡು ಹೋಗ್ಲಿ. ಮಾತಾಡೋದೇನೂ ಬೇಡ. ಕೈ ಚಾಚಿದ್ರೆ ಸಾಕು, ಯಾವ್ದು ಬೇಕು ಅಂತ ನಂಗೊತ್ತು."