ಯಾವ ಪಿಂಕು

ಗಂಡ ಗೋಡೆಗೆ ಬಳಿಯುತ್ತಿದ್ದ, ಹೆಂಡತಿ ಉಗುರಿಗೆ ಬಳಿಯುತ್ತಿದ್ದಳು. ಬೀದಿಯವರಿಗೆ ಇದಕ್ಕಿಂತ ಒಳ್ಳೆಯ ತಮಾಷೆ ಬೇಕೆ? "ನಿಮ್ಮನೇಲಿ ಬಣ್ಣದ ಮಾತಿಗೇನೂ ಬರ ಇಲ್ಲ ಬಿಡಪ್ಪಾ" ಎಂದು ರೇಗಿಸುತ್ತಿದ್ದರು. ಅವನಿಗೆ ಡಬಲ್‌ಕೋಟ್ ಎಂದೇ ಹೆಸರು ಬಿದ್ದಿತ್ತು. ಒಂದು ಕೋಟು ಸಾಕು ಎಂದ ಮನೆ ಯಜಮಾನನ ಜೊತೆ ಜಗಳಕ್ಕೆ ನಿಂತು, ಎರಡನೆಯದನ್ನೂ ಹೊಡೆದೇ ಬರುವ ಆಸಾಮಿ ಅವನು. ಮೊದಲು ಉಜ್ಜಬೇಕು, ಆಮೇಲೆ ಪುಟ್ಟಿ, ಆಮೇಲೆ ಪ್ರೈಮರು, ಮೇಲೆ ಎರಡು ಕೋಟು. ಇಷ್ಟು ಮಾಡಿದರೆ ಬಗ್ಗದ ಗೋಡೆ ಲೋಕದಲ್ಲೇ ಇಲ್ಲ ಎಂದು ನಂಬಿದ್ದ.

ಹೆಂಡತಿಯ ಕೆಲಸ ಎಂದರೆ ಮಾತ್ರ ಅವನಿಗೆ ಸಸಾರ. "ಹತ್ತು ಉಗುರು ಸೇರಿಸಿದ್ರೂ ಒಂದು ಸ್ವಿಚ್‌ಬೋರ್ಡಿನಷ್ಟು ಜಾಗ ಆಗಲ್ಲ. ಅದಕ್ಕೆ ಅಷ್ಟು ಹೊತ್ತು ಬೇಕೇನೇ ನಿಂಗೆ?" ಎನ್ನುತ್ತಿದ್ದ. ಅವಳು ನಕ್ಕಳೋ, ಮುಖ ಸಣ್ಣದು ಮಾಡಿಕೊಂಡಳೋ, ಅವನಿಗೆ ಗೊತ್ತಾಗುತ್ತಿರಲಿಲ್ಲ. ಮಾತು ಎಸೆದು ಟಿವಿ ಕಡೆ ತಿರುಗುವುದು ಅವನ ರೂಢಿ.

ಅವಳ ಪಾರ್ಲರು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕಿಟಕಿ ಪಕ್ಕದ ಮೇಜು ಅವಳದು, ಅದರ ಪಕ್ಕದ್ದು ಅವಳ ತಂಗಿಯದು. ತಂಗಿಗೆ ಕೆಲಸ ಕಲಿಸಿದವಳೂ ಅವಳೇ. ಬರುವ ಹುಡುಗಿಯರು ಅವಳನ್ನು ಪಿಂಕಕ್ಕ ಎನ್ನುತ್ತಿದ್ದರು. ಯಾರೇ ಬಂದು ಕೂತು "ಪಿಂಕು ಹಾಕಿ" ಎಂದರೂ ಅವಳು ಬಾಟಲಿಗೆ ಕೈ ಹಾಕುತ್ತಿರಲಿಲ್ಲ. ಮೊದಲು ಅವರ ಕೈಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಬೆರಳ ತುದಿಯನ್ನು ಸ್ವಲ್ಪ ಅದುಮಿ ನೋಡಿ, ಆಮೇಲೆ ಬಾಯಿ ಬಿಡುತ್ತಿದ್ದಳು. "ನಿಂಗೆ ಹಳದಿ ಸೇರಿದ್ದು ಬೇಡ ಕಣಮ್ಮ, ಕೈ ಕಂದಿದ ಹಾಗೆ ಕಾಣ್ಸುತ್ತೆ. ಸ್ವಲ್ಪ ನೀಲಿ ಬೆರೆತದ್ದು ಹಾಕೋಣ" ಎನ್ನುವಳು. ಬಿಳಿ ತುದಿ ಬೇಕೋ, ಉಂಗುರದ ಬೆರಳಿಗೊಂದು ಹೂ ಬೇಕೋ, ಚುಕ್ಕಿ ಬೇಕೋ, ಅದನ್ನೂ ಅವಳೇ ತೀರ್ಮಾನಿಸುತ್ತಿದ್ದಳು. ಅವಳ ಮಾತಿಗೆ ಎದುರಾಡಿದವರಿರಲಿಲ್ಲ.

ಅಂಥ ಒಂದು ಹುಡುಗಿಯ ಕೈ ಹಿಡಿದು ಕೂತಿದ್ದಾಗಲೇ ಲಕ್ವ ಹೊಡೆಯಿತು. ಬ್ರಷ್ಷು ಉಗುರು ದಾಟಿ, ಬೆರಳು ದಾಟಿ, ಮುಂಗೈವರೆಗೂ ಒಂದೇ ಗೆರೆ ಎಳೆಯಿತು. ಹುಡುಗಿ ಇದೇನೋ ಹೊಸ ಡಿಸೈನು ಎಂದುಕೊಂಡು ನಕ್ಕಳು. ಅಷ್ಟರಲ್ಲಿ ಪಿಂಕಕ್ಕನ ತಲೆ ಮೇಜಿನ ಮೇಲೆ ಬಿತ್ತು.

ಜೀವ ಉಳಿಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಪೂರ್ತಿ ನಿಂತುಹೋಯಿತು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಹೇಳಿದ ಮಹಾನುಭಾವನ ಮನೆಯಲ್ಲಿ ಯಾರಿಗೂ ಲಕ್ವ ಹೊಡೆದಿರಲಿಕ್ಕಿಲ್ಲ. ಆಸ್ಪತ್ರೆಯ ಮಂಚದ ಪಕ್ಕ ಕೂತ ಡಬಲ್‌ಕೋಟನಿಗೆ ಆ ಬಂಗಾರ ಎದೆಯ ಮೇಲೆ ಕಲ್ಲು ಹೇರಿದಂತಿತ್ತು. ಹೀಗಿರುವಾಗ ಒಂದು ಬೆಳಿಗ್ಗೆ ಅವಳು ಬಾಯಿ ಓರೆ ಮಾಡಿ, ಕುತ್ತಿಗೆಯ ನರ ಉಬ್ಬಿಸಿ, ಸ್ಪಷ್ಟವಾಗಿ "ಪಿಂಕ್" ಎಂದಳು.

ಅವನು ಆಸ್ಪತ್ರೆಯ ಕಾರಿಡಾರಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದ. ನಾದಿನಿ ಅತ್ತಳು, ನಕ್ಕಳು. "ನೋಡಿ ಭಾವ, ಅಕ್ಕ ಎಲ್ಲಿ ಹೋದ್ರೂ ಅಕ್ಕನೇ" ಎಂದಳು.

ಮನೆಗೆ ಕರೆತಂದ ಮೇಲೂ ಅದೊಂದೇ ಮಾತು. ಎಡಗೈಯನ್ನು ಎತ್ತಿ, ಹಾಸಿಗೆಯ ಮೇಲೆ ಸತ್ತಂತೆ ಬಿದ್ದಿದ್ದ ಬಲಗೈ ಕಡೆ ಚಾಚಿ, ತೋಳನ್ನು ತಟ್ಟಿ ತಟ್ಟಿ, "ಪಿಂಕ್, ಪಿಂಕ್" ಎನ್ನುತ್ತಿದ್ದಳು. ಇಂಥದ್ದಕ್ಕೆ ಅರ್ಥ ಹುಡುಕಲು ಪಂಡಿತನೇ ಬೇಕೆ? ಆ ಕೈಯ ಉಗುರಿಗೆ ಬಣ್ಣ ಹಾಕು ಎನ್ನುತ್ತಿದ್ದಾಳೆ, ಅಷ್ಟೇ. ಪಾಪ, ಇಷ್ಟು ಚಿಕ್ಕ ಆಸೆ. ಡಬಲ್‌ಕೋಟ್ ಆ ದಿನವೇ ಪಾರ್ಲರಿನ ಮೆಟ್ಟಿಲು ಹತ್ತಿದ.

"ಒಂದು ಪಿಂಕು ಕೊಡಮ್ಮ" ಎಂದ ನಾದಿನಿಗೆ.

"ಯಾವ ಪಿಂಕು ಭಾವ?"

"ಪಿಂಕು ಅಂದ್ರೆ ಪಿಂಕು."

ಅವಳು ಪ್ಲಾಸ್ಟಿಕ್ ಉಗುರುಗಳನ್ನು ಬೀಸಣಿಗೆಯಂತೆ ಪೋಣಿಸಿದ ಮಾದರಿಯನ್ನು ತೆಗೆದು ಅವನ ಮುಂದೆ ಬಿಡಿಸಿದಳು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೂ ಪಿಂಕೇ. "ಬಿಳಿ ಅಂದ್ರೆ ಯಾವ ಬಿಳಿ ಅಂತ ನೀವು ಕೇಳಲ್ವಾ ಗಿರಾಕಿಗಳನ್ನ? ಇದೂ ಹಾಗೇ" ಎಂದಳು.

"ಸರಿ, ನಿಮ್ಮಕ್ಕ ಹಚ್ಕೊಳ್ತಿದ್ದದ್ದು ಕೊಡು."

ನಾದಿನಿ ಅವನ ಮುಖವನ್ನೇ ನೋಡಿದಳು. "ಅಕ್ಕ ಹಚ್ಕೊಳ್ತಾನೇ ಇರ್ಲಿಲ್ವಲ್ಲ. ದಿನವಿಡೀ ರಿಮೂವರಲ್ಲಿ ಕೈ ಅದ್ದೋರಿಗೆ ಬಣ್ಣ ಎಲ್ಲಿ ನಿಲ್ಲುತ್ತೆ? ಬರೀ ಉಗುರು. ನೀವು ನೋಡಿಲ್ವಾ?"

ನೋಡಿರಲಿಲ್ಲ. ಮದುವೆಯಾಗಿ ತಲೆ ನರೆಯುವವರೆಗೂ ಆ ಕೈ ಬಡಿಸಿದ್ದನ್ನು ತಿಂದಿದ್ದ, ಆ ಕೈ ಮಡಿಸಿಟ್ಟ ಅಂಗಿ ತೊಟ್ಟಿದ್ದ. ಎದುರು ಮನೆಯ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಬೀದಿಯಲ್ಲಿ ನಿಂತೇ ಗುರುತಿಸುವ ಕಣ್ಣು ಅವನದು. ದೀಪದ ಬುಡದಲ್ಲೇ ಕತ್ತಲು ಎಂಬುದು ಸುಳ್ಳಲ್ಲ. ಅವನಿಗೆ ನಾಚಿಕೆಯಾಯಿತು, ಮರುಗಳಿಗೆಯಲ್ಲೇ ಸಮಾಧಾನವೂ ಸಿಕ್ಕಿತು. ಊರಿಗೆಲ್ಲ ಬಳಿದವಳಿಗೆ ತನಗೂ ಒಮ್ಮೆ ಬಳಿಸಿಕೊಳ್ಳುವ ಆಸೆ ಒಳಗೇ ಕೂತಿತ್ತು, ಅದೇ ಈಗ ಹೊರಗೆ ಬಂದಿದೆ ಎಂದು ಲೆಕ್ಕ ಹಾಕಿಕೊಂಡ. ಅವಳು ಬದುಕಿಡೀ ಕೇಳದೆ ಇದ್ದದ್ದನ್ನು ಈಗ ಕೇಳುತ್ತಿದ್ದಾಳೆ. ಇದೊಂದನ್ನು ನಡೆಸಿಕೊಡದಿದ್ದರೆ ತಾನು ಗಂಡಸೇ ಅಲ್ಲ ಎಂದು ಹಟ ಹಿಡಿದ.

ಸಂಜೆ ಕೆಲಸದಿಂದ ಬಂದು ಕೈಕಾಲು ತೊಳೆದು ಅವಳ ಮುಂದೆ ಕೂರುತ್ತಿದ್ದ. ಮಂಚಕ್ಕೆ ತಾಗಿಸಿ ಒಂದು ಸಣ್ಣ ಮೇಜು ಹಾಕಿಕೊಂಡಿದ್ದ. ಅವಳ ಬಲಗೈಯನ್ನು ಹಿಡಿದು ಎಳೆದು ಮೇಜಿನ ಮೇಲಿಟ್ಟು, ಬೆರಳು ಬಿಡಿಸಿ, ಉಗುರನ್ನು ಉಜ್ಜಿ, ಕೆಳಗೊಂದು ಬಣ್ಣವಿಲ್ಲದ ಪದರ ಕೊಟ್ಟು, ಅದರ ಮೇಲೆ ಎರಡು ಕೋಟು ಹೊಡೆಯುತ್ತಿದ್ದ. ಅಷ್ಟು ಹೊತ್ತೂ ಅವಳು "ಪಿಂಕ್, ಪಿಂಕ್" ಎಂದು ಅಳುತ್ತಿದ್ದಳು. "ಇರೇ, ಅವಸರ ಮಾಡ್ಬೇಡ, ಒಣಗ್ಲಿ" ಎನ್ನುತ್ತಿದ್ದ. ಒಣಗಿದ ಮೇಲೆ ಕೈಯನ್ನು ಅವಳ ಮುಖದ ಮುಂದೆ ಎತ್ತಿ ಹಿಡಿದು "ಇದೇನಾ?" ಎಂದು ಕೇಳುತ್ತಿದ್ದ. ಅವಳು ಇಲ್ಲ ಎಂದು ತಲೆಯಾಡಿಸುತ್ತಿದ್ದಳು.

ಹಾಗಾದರೆ ಇದಲ್ಲ, ಬೇರೆ ಪಿಂಕು. ಮರುದಿನ ಇನ್ನೊಂದು ಬಾಟಲಿ ತರುತ್ತಿದ್ದ.

ತಿಳಿ ಗುಲಾಬಿ ತಂದ. ಈರುಳ್ಳಿ ಸಿಪ್ಪೆಯ ಬಣ್ಣದ್ದು ತಂದ. ಎಳೆಮಗುವಿನ ಅಂಗಾಲಿನಂಥದ್ದು, ಕಣ್ಣು ಕುಕ್ಕುವಂಥದ್ದು, ಮಿನುಗು ಬೆರೆಸಿದ್ದು, ಕೆಂಪಿಗೆ ಒಂದೇ ಹೆಜ್ಜೆ ಹಿಂದೆ ನಿಂತದ್ದು, ಎಲ್ಲವನ್ನೂ ತಂದ. ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಬಣ್ಣವಲ್ಲ, ಡಿಸೈನೇ ಬೇಕೇನೋ ಎಂದು ನಾದಿನಿ ರಜೆಯ ದಿನ ಬಂದು ಬಿಳಿ ತುದಿ ಬರೆದಳು, ಉಂಗುರದ ಬೆರಳಿಗೆ ಐದೆಸಳಿನ ಹೂ ಬಿಡಿಸಿದಳು. ಅಕ್ಕ ಅದನ್ನು ನೋಡಿ ಬಿಕ್ಕಿಬಿಕ್ಕಿ ಅತ್ತಳು. "ಹಳೇದೆಲ್ಲ ನೆನಪಾಯ್ತೇನೋ ಭಾವ" ಎಂದು ನಾದಿನಿ ಕಣ್ಣೊರೆಸಿಕೊಂಡಳು. ಕೊನೆಗೆ ಡಬಲ್‌ಕೋಟ್ ತನ್ನ ಕೈಚಳಕವನ್ನೇ ತೋರಿಸಹೊರಟ. ಗೋಡೆಯ ಬಣ್ಣಕ್ಕೆ ಬೆರೆಸುವ ಸ್ಟೈನರನ್ನು ಹನಿಹನಿಯಾಗಿ ಉಗುರಿನ ಬಣ್ಣಕ್ಕೆ ಹಾಕಿ ಕಲಸಿದ. ಅದು ಒಡೆದ ಹಾಲಿನಂತೆ ಗಂಟುಗಂಟಾಗಿ ಕೂತಿತು. ಅದನ್ನೂ ಬಿಡದೆ ಬಳಿದು, ಕೆರೆದು, ಮತ್ತೆ ಬಳಿದ.

ಆ ಸಂಜೆ ಅವಳು ಎಡಗೈ ಬೀಸಿ ಬಾಟಲಿಯನ್ನು ನೆಲಕ್ಕೆ ಕೆಡವಿದಳು. ಅವನಿಗೂ ತಾಳ್ಮೆ ಎಂಬುದಿತ್ತಲ್ಲ, ಅದು ತಳ ಕಂಡಿತ್ತು.

"ಇನ್ನೆಂಥ ಪಿಂಕು ಬೇಕೇ ನಿಂಗೆ? ನನ್ನ ರಕ್ತ ಬೆರೆಸ್ಲಾ? ಬಿದ್ಕೊಂಡ ಮೇಲೂ ಹೀಗೆ ಹುರಿದು ಮುಕ್ಬೇಕಾ ನನ್ನ?" ಎಂದ. ಬಾಟಲಿ ಎತ್ತಿಕೊಂಡು, ಅವಳ ಕೈಯನ್ನು ಮತ್ತೆ ಎಳೆದು ಮೇಜಿನ ಮೇಲಿಟ್ಟು ಉಳಿದ ಬೆರಳುಗಳನ್ನೂ ಮುಗಿಸಿದ. ಕೆಲಸ ಅರ್ಧಕ್ಕೆ ಬಿಟ್ಟು ಏಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಅವಳು ಅಳುವುದನ್ನು ನಿಲ್ಲಿಸಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದರು. ಅವರನ್ನು ನೋಡುವ ಸರದಿ ಬಂದಾಗ ಅವನು ಬಾಟಲಿಗಳನ್ನೆಲ್ಲ ಕೈಚೀಲಕ್ಕೆ ತುಂಬಿಕೊಂಡು ಹೋದ. ಅವರ ಮೇಜಿನ ಮೇಲೆ ಸಾಲಾಗಿ ಜೋಡಿಸಿದ. "ಮೇಡಂ, ಇದರಲ್ಲಿ ಅವ್ಳಿಗೆ ಯಾವುದು ಬೇಕು ಅಂತ ನೀವಾದ್ರೂ ಕೇಳಿ ಹೇಳಿ. ನಾನು ಸೋತೆ" ಎಂದ.

ಮೇಡಂ ಬಾಟಲಿಗಳನ್ನು ಪಕ್ಕಕ್ಕೆ ಸರಿಸಿದರು. ಒಂದು ಬಾಚಣಿಗೆಯನ್ನು ಎತ್ತಿ ಹಿಡಿದು, "ಇದೇನಮ್ಮ?" ಎಂದು ಅವಳನ್ನು ಕೇಳಿದರು.

"ಪಿಂಕ್" ಎಂದಳು. ಹೇಳಿದ ಕೂಡಲೇ ಅದಲ್ಲ ಎಂದು ಅವಳೇ ತಲೆ ಕೊಡವಿದಳು.

ಲೋಟ ತೋರಿಸಿದರು. "ಪಿಂಕ್." ಬೀಗದ ಕೈ ತೋರಿಸಿದರು. "ಪಿಂಕ್." ಗಂಡನ ಕಡೆ ಬೆರಳು ಮಾಡಿ "ಇವರು ಯಾರು?" ಎಂದರು. ಅವಳು ಅವನನ್ನು ತುಸು ಹೊತ್ತು ನೋಡಿ, ಮೆಲ್ಲಗೆ, "ಪಿಂಕ್" ಎಂದಳು.

"ನೋಡಿದ್ರಾ?" ಎಂದರು ಮೇಡಂ. "ಒಳಗೆ ಬೇರೆ ಬೇರೆ ಮಾತೇ ಇದೆ. ಬಾಯಿಗೆ ಬರೋವಾಗ ಎಲ್ಲಾನೂ ಅದೊಂದೇ ಆಗ್ಬಿಡುತ್ತೆ. ದಿನಕ್ಕೆ ನೂರು ಸಲ ಆಡಿದ ಮಾತಲ್ವಾ, ಅದೊಂದೇ ನಾಲಗೆ ಮೇಲೆ ಉಳ್ಕೊಂಡಿದೆ. ನೀರು ಅನ್ನೋಕ್ಕೂ ಅದೇ, ಬೇಡ ಅನ್ನೋಕ್ಕೂ ಅದೇ."

"ನಾವು ಹೇಳೋದು ಅವ್ಳಿಗೆ ತಿಳಿಯುತ್ತಾ?"

"ಪೂರ್ತಿ ತಿಳಿಯುತ್ತೆ."

ಪೂರ್ತಿ ತಿಳಿಯುತ್ತಿತ್ತು. 'ಬಿದ್ಕೊಂಡ ಮೇಲೂ' ಎಂದು ಅವನು ಬೈದದ್ದೂ ತಿಳಿದಿತ್ತು. ಅವನು ಕುರ್ಚಿಯ ಅಂಚನ್ನು ಹಿಡಿದುಕೊಂಡ.

ಮೇಡಂ ಅವಳ ಎದುರಿಗೆ ಬಾಗಿ ಕೇಳಿದರು. "ಉಗುರಿಗೆ ಬಣ್ಣ ಬೇಕಿತ್ತಾ ಅಮ್ಮ?" ಇಲ್ಲ ಎಂದು ತಲೆಯಾಡಿಸಿದಳು. "ಯಾವ ಬಣ್ಣವೂ?" ಇಲ್ಲ. ಇಷ್ಟು ದಿನ ಅವನು ಇದೇನಾ ಅದೇನಾ ಎಂದು ಕೇಳಿದ್ದನೇ ಹೊರತು, ಬೇಕೇ ಎಂದು ಕೇಳಿರಲಿಲ್ಲ. "ನೋವಿದ್ಯಾ?" ಎಂದರು ಮೇಡಂ. ಹೌದು ಎಂದು ತಲೆ ಎಷ್ಟು ಜೋರಾಗಿ ಆಡಿತೆಂದರೆ ಅವಳ ಕಣ್ಣೀರು ಮಡಿಲಿಗೆ ಸಿಡಿಯಿತು. ಎಡಗೈ ಎತ್ತಿ ಬಲತೋಳನ್ನು ತಟ್ಟಿದಳು, ಇನ್ನೂ ಮೇಲಕ್ಕೆ ಚಾಚಲು ನೋಡಿದಳು. ಮೇಡಂ ಆ ಕೈಯನ್ನು ಹಿಡಿದು ಅವಳ ಬಲಭುಜದ ಮೇಲೆ ಇಟ್ಟರು. ಅವಳು ಉಸಿರು ಬಿಟ್ಟಳು.

ವ್ಯಾಯಾಮ ಮಾಡಿಸುವ ಡಾಕ್ಟರು ಬಂದು ಭುಜ ಮುಟ್ಟಿ ನೋಡಿದರು. ಕೀಲು ಜಾರಿತ್ತು. ಶಕ್ತಿ ಇಲ್ಲದ ತೋಳು, ಕೀಲನ್ನು ಹಿಡಿದಿಡಲು ಸ್ನಾಯುವಿಗೂ ಬಲವಿಲ್ಲ, ಎಳೆದರೆ ಬಂದುಬಿಡುತ್ತದೆ. "ಈ ಕೈನ ಯಾರಾದ್ರೂ ಎಳೀತಿದ್ರಾ?" ಎಂದು ಕೇಳಿದರು.

ಡಬಲ್‌ಕೋಟ್ ತನ್ನ ಎದೆ ಮುಟ್ಟಿ ತೋರಿಸಿದ. ದಿನಾ ಸಂಜೆ, ಮೇಜಿನ ಮೇಲಕ್ಕೆ, ಎರಡು ಕೋಟು ಮುಗಿಯುವವರೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರೆ, ಅಲ್ಲಿ ಎತ್ತಾದರೂ ಹಾಗೇ ಉಳಿಯುತ್ತದೆ. ಇವನು ಜ್ವರ ಬಂದ ಎತ್ತಿಗೇ ಬರೆ ಎಳೆದಿದ್ದ, ಅದೂ ಪ್ರೀತಿಯಿಂದ.

"ಮೊದ್ಲೇ ಗೊತ್ತಾಗಿದ್ರೆ ಈ ಕೈ ಸ್ವಲ್ಪ ಮಟ್ಟಿಗೆ ತಿರುಗೋ ಸಾಧ್ಯತೆ ಇತ್ತು" ಎಂದರು ಡಾಕ್ಟರು.

ಮನೆಗೆ ಬಂದ ಮೇಲೆ ನಾದಿನಿ ಸುದ್ದಿ ಕೇಳಿ ಅಡುಗೆಮನೆಯಲ್ಲಿ ನಿಂತು ಅತ್ತಳು. ಐದೆಸಳಿನ ಹೂ ಬಿಡಿಸುವಾಗ ಆ ಕೈಯನ್ನು ಹಿಡಿದು ಎಳೆದವಳು ಅವಳೂ ಹೌದು. ಅವಳನ್ನು ಸಮಾಧಾನ ಮಾಡುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ. ಮೇಜನ್ನು ಹೊರಗೆ ಹಾಕಿದ. ಡಾಕ್ಟರು ತೋರಿಸಿದಂತೆ ಹೆಂಡತಿಯ ತೋಳಿನ ಕೆಳಗೆ ದಿಂಬಿಟ್ಟು, ತಾನು ನೆಲದ ಮೇಲೆ ಮಂಡಿಯೂರಿ, ತೋಳು ಚೂರೂ ಅಲುಗದಂತೆ ಹತ್ತಿಯಿಂದ ಒಂದೊಂದೇ ಉಗುರಿನ ಬಣ್ಣ ಒರೆಸಿದ. ಒಳಗಿನ ಉಗುರು ಮಾಸಲಾಗಿ, ಉದ್ದಕ್ಕೆ ಸಣ್ಣ ಗೆರೆಗಳೆದ್ದು, ತುದಿಯಲ್ಲಿ ಸವೆದಿತ್ತು. ಇಷ್ಟು ದಿನ ಉಜ್ಜಿದ್ದ, ಬಳಿದಿದ್ದ, ಆದರೆ ಆಯುಷ್ಯದಲ್ಲಿ ಮೊದಲ ಬಾರಿಗೆ ಅವನು ಅದನ್ನು ನೋಡಿದ್ದು ಈಗಲೇ.

"ಪಿಂಕ್" ಎಂದಳು ಅವಳು.

ಅವನು ಹತ್ತಿ ಕೆಳಗಿಟ್ಟ. ಮೇಡಂ ಹೇಳಿಕೊಟ್ಟಂತೆ ಅವಳ ಎದುರಿಗೆ ಬಂದು, ಒಂದೊಂದಾಗಿ, ನಿಧಾನವಾಗಿ ಕೇಳಿದ.

"ನೋವಾ?"

ಇಲ್ಲ ಎಂದು ತಲೆಯಾಡಿಸಿದಳು.

"ನೀರು ಬೇಕಾ?"

ಇಲ್ಲ.

"ತಂಗೀನ ಕರೀಲಾ?"

ಇಲ್ಲ.

"ಕಿಟಕಿ ಹಾಕ್ಲಾ? ಮಲಗ್ತೀಯಾ?"

ಇಲ್ಲ. "ಪಿಂಕ್" ಎಂದಳು ಮತ್ತೆ, ಈ ಸಲ ಅಳದೆ, ತೀರ ತಾಳ್ಮೆಯಿಂದ, ಸಣ್ಣ ಮಕ್ಕಳಿಗೆ ಹೇಳುವವರ ಹಾಗೆ.

ಮುಂದೆ ಏನು ಕೇಳುವುದೆಂದು ಅವನು ಯೋಚಿಸಿದ. ನೀರು, ನಿದ್ದೆ, ನೋವು, ಕಿಟಕಿ. ಇವನ್ನು ಯಾವ ರೋಗಿಗಾದರೂ ಕೇಳಬಹುದು. ಇವಳಿಗೆ ಏನು ಇಷ್ಟ? ಏನು ಭಯ? ಮಾತೆಲ್ಲ ಇದ್ದ ಕಾಲದಲ್ಲಿ ಸಂಜೆ ಹೊತ್ತು ಅವಳು ಏನೇನೋ ಹೇಳುತ್ತಿದ್ದಳು, ಟಿವಿಯ ಸದ್ದಿನ ನಡುವೆ ತಾನು ಹೂಂ ಎಂದದ್ದು ನೆನಪಿದೆ. ಏನು ಹೇಳುತ್ತಿದ್ದಳು? ಎಷ್ಟು ತಡಕಾಡಿದರೂ ಒಂದೂ ಕೈಗೆ ಸಿಗಲಿಲ್ಲ. ಕೇಳಲು ಅವನ ಬಳಿ ಇನ್ನೊಂದು ಪ್ರಶ್ನೆ ಇರಲಿಲ್ಲ.

ಅವಳು ಅವನ ಬಾಯಿಯನ್ನೇ ನೋಡುತ್ತ ಕಾಯುತ್ತಿದ್ದಳು.